ಒಳಪೆಟ್ಟು ಕಣ್ಣಿಗೆ ಕಂಡ ದಿನ

ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲು ಕಡೆ ಅಡಿಕೆ ಮರದಿಂದ ಬಿದ್ದರೂ ಬೈಕಿನಿಂದ ಬಿದ್ದರೂ ಕೇಳೋದು ಒಂದೇ: "ಒಳಪೆಟ್ಟು ಆಗಿಲ್ಲ ತಾನೆ?" ನನಗೆ ಈ ಪದ ಬಹಳ ಇಷ್ಟ. ರಕ್ತ ಕಾಣದ ಗಾಯವೂ ಗಾಯವೇ ಅಂತ ಹಿರಿಯರಿಗೆ ಗೊತ್ತಿತ್ತು. ಒಳಗೆ ಇಣುಕುವ ದಾರಿ ಇರಲಿಲ್ಲ, ಅಷ್ಟೆ.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್‌ರೇ ಮುರಿದ ಮೂಳೆ ತೋರಿಸಿತು. ಬುರುಡೆಯೊಳಗೆ ಸೋರುವ ರಕ್ತವನ್ನಲ್ಲ. ಅದಕ್ಕೆ ಇನ್ನೂ 76 ವರ್ಷ ಬೇಕಾಯ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿಟಿ ಸ್ಕ್ಯಾನರ್ ಮೊದಲ ಬಾರಿ ರೋಗಿಯೊಬ್ಬರ ಮಿದುಳನ್ನು ಪದರ ಪದರವಾಗಿ ತೋರಿಸಿತು. ಆತ ಕೆಲಸಕ್ಕಿದ್ದ ಇಎಂಐ, ಬೀಟಲ್ಸ್ ಹಾಡುಗಳ ರೆಕಾರ್ಡ್ ತಂದ ಕಂಪನಿ!

ಯಂತ್ರ ಬಂದರೆ ಸಾಲದು, ಅದರ ಹತ್ತಿರ ಹೋಗಬೇಕಲ್ಲ. 2009ರ ಮಾರ್ಚ್‌ನಲ್ಲಿ ಕೆನಡಾದ ಹಿಮದಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದ ನಟಿ ನಟಾಶಾ ರಿಚರ್ಡ್‌ಸನ್ ಏನೂ ಆಗಿಲ್ಲವೆಂದು ಎದ್ದರು. ಬಂದ ಆಂಬುಲೆನ್ಸ್ ಹಾಗೇ ವಾಪಸಾಯ್ತು. ಎರಡೇ ದಿನದಲ್ಲಿ ತೀರಿಕೊಂಡರು. ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬಿತ್ತು.

ಇಂಥ ಪೆಟ್ಟಲ್ಲಿ ಮೊದಲ ಕೆಲವು ತಾಸು ಮಾತು, ನಡಿಗೆ ಎಲ್ಲ ಸರಿಯಾಗೇ ಇರಬಹುದು. ಆಮೇಲೆ ತಲೆನೋವು ಏರ್ತದೆ, ವಾಂತಿ, ಮಂಪರು. ಮಲಗಿ ಎದ್ದರೆ ಸರಿಹೋಗ್ತದೆ ಅಂತ ಕಾಯೋ ಹೊತ್ತಲ್ಲ ಅದು. ಕಡಹಿನಬೈಲಿನವರಿಗಂತೂ ಆ ತಾಸುಗಳಲ್ಲಿ ಒಂದಿಷ್ಟು ಶಿವಮೊಗ್ಗದ ದಾರಿಗೇ ಹೋಗ್ತದೆ.