ಮಂಡಳಿ ಸಭೆಯ ಕಡತ ಮತ್ತು ವೆಬ್ ಕಾನ್ಫರೆನ್ಸ್ ತಂತ್ರಾಂಶದ ಆಯ್ಕೆ

ಕಂಪನಿಗಳು ವೆಬ್ ಕಾನ್ಫರೆನ್ಸ್ ತಂತ್ರಾಂಶ ಕೊಳ್ಳಲು ಹೊರಟಾಗ ಮೊದಲು ಕೈಗೆತ್ತಿಕೊಳ್ಳುವುದು ದರಪಟ್ಟಿಯನ್ನು. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್‌ನ ಉಚಿತ ಸಭೆಗೆ ಮೂವರು ಅಥವಾ ಹೆಚ್ಚು ಜನ ಸೇರಿದರೆ ಮಿತಿ 60 ನಿಮಿಷ. ಈ ಲೆಕ್ಕ ಬೇಕು, ಆದರೆ ಕೊನೆಗೆ ಮಾಡಬೇಕಾದ ಲೆಕ್ಕವಿದು. ಕಂಪನಿ ನಡೆಸುವ ಸಭೆಗಳಲ್ಲಿ ಅತ್ಯಂತ ಕಟ್ಟುನಿಟ್ಟಾದುದು ಯಾವುದೋ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು ಎಂಬುದು ಈ ಲೇಖನದ ವಾದ. ಭಾರತದಲ್ಲಿ ಅದು ನಿರ್ದೇಶಕ ಮಂಡಳಿಯ ಸಭೆ.

2013ರ ಕಂಪನಿ ಕಾಯ್ದೆಯ 173(2)ನೇ ಕಲಂ ನಿರ್ದೇಶಕರು ವಿಡಿಯೊ ಮೂಲಕ ಸಭೆಗೆ ಹಾಜರಾಗಲು ಅವಕಾಶ ಕೊಡುತ್ತದೆ. ಆದರೆ ಬಳಸುವ ಸಾಧನವು ನಿರ್ದೇಶಕರನ್ನು ಗುರುತಿಸಿ ಅವರ ಹಾಜರಿಯನ್ನು ದಾಖಲಿಸಬೇಕು, ನಡಾವಳಿಯನ್ನು ದಿನಾಂಕ, ಸಮಯದೊಂದಿಗೆ ರೆಕಾರ್ಡ್ ಮಾಡಿ ಇಡಲು ಶಕ್ತವಾಗಿರಬೇಕು. ಆ ಕಾಯ್ದೆಯಡಿ ಮಂಡಳಿ ಸಭೆಗಳಿಗಾಗಿ ರೂಪಿಸಿದ 2014ರ ನಿಯಮಾವಳಿಯ 3ನೇ ನಿಯಮ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ: ಆರಂಭದಲ್ಲಿ ಪ್ರತಿಯೊಬ್ಬ ನಿರ್ದೇಶಕರೂ ತಮ್ಮ ಹೆಸರು, ಇರುವ ಸ್ಥಳ ತಿಳಿಸಿ, ತಮ್ಮ ಬಳಿ ಬೇರೆ ಯಾರೂ ಸಭೆಯನ್ನು ಕೇಳುತ್ತಿಲ್ಲವೆಂದು ಹೇಳಬೇಕು, ಧ್ವನಿಮುದ್ರಿಕೆಯನ್ನು ಕನಿಷ್ಠ ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಕಾಪಾಡಬೇಕು. ಭದ್ರತೆ ಹಾಗೂ ಗುರುತು ಪತ್ತೆಯ ಹೊಣೆಯನ್ನು ನಿಯಮ ಹೊರಿಸುವುದು ತಂತ್ರಾಂಶ ಮಾರುವವರ ಮೇಲಲ್ಲ, ಸಭೆಯ ಅಧ್ಯಕ್ಷರು ಮತ್ತು ಕಂಪನಿ ಕಾರ್ಯದರ್ಶಿಯ ಮೇಲೆ. ಆದ್ದರಿಂದ ಆಯ್ಕೆಯ ಚರ್ಚೆಯನ್ನು ಐಟಿ ವಿಭಾಗಕ್ಕೆ ಮಾತ್ರ ಬಿಟ್ಟುಕೊಡುವುದು ತಪ್ಪು.

ಇದೇ ನಿಯಮದಲ್ಲಿ ಹೆಚ್ಚು ಜನ ಗಮನಿಸದ ಮಾತೊಂದಿದೆ. ನಿರ್ದೇಶಕರ ಮಾತು ನಡುವೆ ಕಡಿದುಹೋದರೆ ಅಥವಾ ಕಲಸಿಕೊಂಡರೆ, ಅದನ್ನು ಮತ್ತೊಮ್ಮೆ ಹೇಳುವಂತೆ ಅಧ್ಯಕ್ಷರು ಕೇಳಬೇಕು. ಅಂದರೆ ಕಾನೂನಿನ ಕಣ್ಣಲ್ಲಿ ಧ್ವನಿಯೇ ಪ್ರಧಾನ. ಒಂದು ಬದಿಯಿಂದ ಇನ್ನೊಂದು ಬದಿಗೆ ಧ್ವನಿ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ಸಂಭಾಷಣೆ ಸಲೀಸು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಬ್ರೌಸರ್ ಮೂಲಕವೇ ಧ್ವನಿ, ಚಿತ್ರ ಸಾಗಿಸುವ ವೆಬ್‌ಆರ್‌ಟಿಸಿ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಓಪಸ್ ಧ್ವನಿ ಸಂಕೇತಕ್ಕೆ ಸೆಕೆಂಡಿಗೆ 6 ಕಿಲೊಬಿಟ್‌ನಷ್ಟು ಸಂಪರ್ಕವಿದ್ದರೂ ಸಾಕು. ಚಿತ್ರಕ್ಕೆ ಅದರ ನೂರಾರು ಪಟ್ಟು ಬೇಕು. ಸಕಲೇಶಪುರದ ತೋಟದ ಮನೆಯಿಂದ ಸೇರುವ ನಿರ್ದೇಶಕರೊಬ್ಬರಿದ್ದಾರೆ ಎಂದುಕೊಳ್ಳೋಣ. ಸಂಪರ್ಕ ಕುಗ್ಗಿದಾಗ ಚಿತ್ರವನ್ನು ಬಿಟ್ಟು ಧ್ವನಿಯನ್ನು ಉಳಿಸಿಕೊಳ್ಳುವ ತಂತ್ರಾಂಶ ಅವರಿಗೆ ಬೇಕು. ಪರೀಕ್ಷೆ ನಡೆಸಬೇಕಾದದ್ದು ಬೆಂಗಳೂರಿನ ಕಚೇರಿಯ ಫೈಬರ್ ಸಂಪರ್ಕದಲ್ಲಲ್ಲ, ಆ ತೋಟದ ಮನೆಯಲ್ಲಿ.

ನಿಜವಾದ ತೊಡಕು ಇರುವುದು ಗೌಪ್ಯತೆ ಮತ್ತು ದಾಖಲೆಗಳ ನಡುವೆ. 2019ರ ಡಿಸೆಂಬರಿನಲ್ಲಿ ದಿನಕ್ಕೆ ಸುಮಾರು 1 ಕೋಟಿಯಿದ್ದ ಜೂಮ್ ಸಭಾಸದರ ಸಂಖ್ಯೆ 2020ರ ಮಾರ್ಚಿನಲ್ಲಿ 20 ಕೋಟಿ ದಾಟಿತು. ಮರುತಿಂಗಳೇ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್, ಜೂಮ್ ಹೇಳಿಕೊಂಡಿದ್ದ 256 ಬಿಟ್ ಗೂಢಲಿಪಿ ಕೀಲಿಯ ಬದಲು ಅಲ್ಲಿ 128 ಬಿಟ್ ಕೀಲಿ ಬಳಕೆಯಲ್ಲಿದೆ, ಅದೂ ಮಾಹಿತಿಯ ವಿನ್ಯಾಸ ಹೊರಗೆ ಕಾಣಿಸಬಹುದಾದ ದುರ್ಬಲ ಕ್ರಮದಲ್ಲಿದೆ ಎಂದು ತೋರಿಸಿಕೊಟ್ಟಿತು. ಅದೇ ತಿಂಗಳು ನಮ್ಮ ಗೃಹ ಸಚಿವಾಲಯವೂ ಸರ್ಕಾರಿ ಕೆಲಸಕ್ಕೆ ಜೂಮ್ ಬಳಸಬಾರದೆಂದಿತು. ಜೂಮ್ ಆ ದುರ್ಬಲ ಕ್ರಮವನ್ನು ಕೈಬಿಟ್ಟು, ಅಕ್ಟೋಬರಿನಲ್ಲಿ ತುದಿಯಿಂದ ತುದಿಗೆ ಗೂಢಲಿಪೀಕರಣದ ಸೌಲಭ್ಯ ಕೊಟ್ಟಿತು. ಆದರೆ ಅದನ್ನು ಚಾಲೂ ಮಾಡಿದರೆ ಕ್ಲೌಡ್ ರೆಕಾರ್ಡಿಂಗ್ ಆಗದು, ಸಾಮಾನ್ಯ ಫೋನ್ ಕರೆಯಿಂದ ಸೇರಲಾಗದು. ಇದನ್ನು ಆ ಕಂಪನಿಯ ಕೊರತೆಯೆಂದು ಎಣಿಸಬಾರದು. ನಡುವಿನ ಸರ್ವರ್‌ಗೆ ಸಭೆ ಅರ್ಥವಾಗದಂತೆ ಮಾಡಿದ ಮೇಲೆ ಅದೇ ಸರ್ವರ್ ಸಭೆಯನ್ನು ಮುದ್ರಿಸಲಾರದು. ಕಾರ್ಯದರ್ಶಿಯ ಕಂಪ್ಯೂಟರಿನಲ್ಲೇ ಮುದ್ರಿಸಿಕೊಳ್ಳುವ ದಾರಿ ಮಾತ್ರ ಉಳಿಯುತ್ತದೆ. ಮಂಡಳಿ ಸಭೆಗೆ ಅದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಮಾರಾಟ ಪ್ರತಿನಿಧಿಗಳ ಸಭೆಗೆ ಇಷ್ಟು ಬಿಗಿ ಬೇಕಿಲ್ಲ.

ಪ್ರವೇಶದ ನಿಯಂತ್ರಣ ಎಷ್ಟು ಮುಖ್ಯ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ಕಲಾಪದೊಳಗೆ ನುಗ್ಗಿ ಅಶ್ಲೀಲ ದೃಶ್ಯ ಬಿತ್ತರಿಸಿದ್ದರಿಂದ ಕರ್ನಾಟಕ ಹೈಕೋರ್ಟ್ ವಿಡಿಯೊ ಕಾನ್ಫರೆನ್ಸ್ ಸೌಲಭ್ಯವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಕಾಯುವ ಕೋಣೆ, ಲಾಗಿನ್ ಮಾಡಿದವರಿಗಷ್ಟೇ ಪ್ರವೇಶ, ಪರದೆ ಹಂಚಿಕೆಗೆ ಆತಿಥೇಯರ ಅನುಮತಿ, ಈ ಮೂರೂ ತಂತಾನೇ ಚಾಲೂ ಇರುವಂತೆ ಇಡೀ ಸಂಸ್ಥೆಗೆ ಒಮ್ಮೆಲೇ ನಿಗದಿಪಡಿಸಬಲ್ಲ ಆಡಳಿತ ಸೌಲಭ್ಯ ಯಾವ ಯೋಜನೆಯಲ್ಲಿದೆ ಎಂಬುದನ್ನು ನೋಡಿ ಹಣ ಕೊಡಬೇಕು.

ಸ್ವಂತ ಸರ್ವರ್‌ನಲ್ಲಿ ಜಿಟ್ಸಿ ಹಾಕಿಕೊಳ್ಳುವುದು ಇನ್ನೊಂದು ಆಯ್ಕೆ. ಅದು ಮುಕ್ತ ತಂತ್ರಾಂಶ, ಪರವಾನಗಿ ಶುಲ್ಕವಿಲ್ಲ. ಆದರೆ ರೆಕಾರ್ಡಿಂಗ್‌ಗೆ ಜಿಬ್ರಿ ಎಂಬ ಪ್ರತ್ಯೇಕ ಘಟಕ ಬೇಕು. ಅದು ಅದೃಶ್ಯ ಬ್ರೌಸರ್ ಆಗಿ ಸಭೆಗೆ ಸೇರಿ ಮುದ್ರಿಸುತ್ತದೆ, ಒಂದು ಜಿಬ್ರಿ ಏಕಕಾಲಕ್ಕೆ ಒಂದೇ ಸಭೆಯನ್ನು ಮುದ್ರಿಸಬಲ್ಲದು. ನುರಿತ ಸಿಸ್ಟಮ್ ನಿರ್ವಾಹಕರಿಲ್ಲದ ಕಂಪನಿಗೆ ಈ ಉಳಿತಾಯ ದುಬಾರಿಯಾದೀತು.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಚಂದಾ ನಿಂತರೆ ಕ್ಲೌಡ್‌ನಲ್ಲಿರುವ ಧ್ವನಿಮುದ್ರಿಕೆಗಳು ಎಷ್ಟು ದಿನ ಉಳಿಯುತ್ತವೆ? ಉತ್ತರ ಏನೇ ಇರಲಿ, ಪ್ರತಿ ಸಭೆ ಮುಗಿದ ದಿನವೇ ಒಂದು ಪ್ರತಿ ಕಾರ್ಯದರ್ಶಿಯ ವಶದಲ್ಲಿರುವ ಸಂಗ್ರಹಕ್ಕೆ ಇಳಿಯಬೇಕು, ಹಾಜರಿ ಪಟ್ಟಿಯೂ ಅದರ ಜೊತೆಗಿರಬೇಕು.