ಮುತ್ತಜ್ಜನ ಹೆಸರು ಯಾವ ಕಡತದಲ್ಲಿದೆ? ಚಂದ್ರಗುತ್ತಿ ಸೀಮೆಯಲ್ಲಿ ವಂಶಾವಳಿಯ ಶೋಧ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯು ಬೆಟ್ಟದ ಮೇಲಿನ ಕೋಟೆ ಹಾಗೂ ರೇಣುಕಾಂಬೆಯ ಗುಹಾಲಯದಿಂದ ಹೆಸರಾದ ಊರು. ವಿಜಯನಗರದ ಆರಂಭದ ದಿನಗಳಲ್ಲಿ ಒಂದನೆಯ ಹರಿಹರನ ಸಹೋದರ ಮಾರಪ್ಪ ಆಳಿದ ಪ್ರಾಂತ್ಯದ ಕೇಂದ್ರವಿದು. ಅನಂತರ ಕೆಳದಿಯ ಅರಸರು, ಹೈದರಾಲಿ, ಮೈಸೂರು ಸಂಸ್ಥಾನ, ಕೊನೆಗೆ ಇಂದಿನ ಕರ್ನಾಟಕ ರಾಜ್ಯ ಎಂದು ಆಡಳಿತವು ಕೈ ಬದಲಾಯಿಸುತ್ತ ಬಂದಂತೆ ಲೆಕ್ಕ ಬರೆದಿಡುವ ಕ್ರಮವೂ ಬದಲಾಗುತ್ತ ಬಂತು. ಈ ಸೀಮೆಯ ಸಾಮಾನ್ಯ ಕುಟುಂಬವೊಂದು ಮೂರು ತಲೆಮಾರುಗಳ ಹಿಂದಿನ ತನ್ನ ಪೂರ್ವಿಕರ ಹೆಸರನ್ನು ಬರಹದಲ್ಲಿ ತೋರಿಸಬೇಕಾದರೆ ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಈ ಪ್ರಶ್ನೆ ಬರಿಯ ಕುತೂಹಲದ್ದೂ ಅಲ್ಲ. 2006ರ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರುಗಳಿಂದ ಅರಣ್ಯದಲ್ಲಿ ನೆಲೆಸಿ, ಜೀವನೋಪಾಯಕ್ಕೆ ಅದನ್ನೇ ಅವಲಂಬಿಸಿದ್ದುದನ್ನು ತೋರಿಸಬೇಕು. ತಲೆಮಾರಿಗೆ 25 ವರ್ಷದಂತೆ ಕಾಯ್ದೆ ಕೇಳುವುದು 75 ವರ್ಷಗಳ ನಂಟನ್ನು, ಅಂದರೆ 1930ರಷ್ಟು ಹಿಂದಿನದನ್ನು. ಮಲೆನಾಡಿನ ಸಾಗುವಳಿದಾರರಿಗೆ ಈ ಷರತ್ತೇ ದೊಡ್ಡ ತೊಡಕಾಗಿದೆ. ಅಜ್ಜನ ಹೆಸರಿನಲ್ಲೇ ಉಳಿದಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೂ ವಂಶವೃಕ್ಷ ಬೇಕು.

ಇಂಗ್ಲೆಂಡಿನ ಕ್ರಮ

ವಂಶಶೋಧನೆಯ ಮಾತು ಬಂದಾಗ ಮಾದರಿಯಾಗಿ ಕಾಣುವುದು ಇಂಗ್ಲೆಂಡ್. ಅಲ್ಲಿ 1538ರಿಂದ ಚರ್ಚುಗಳು ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರಗಳ ದಾಖಲೆ ಇಡತೊಡಗಿದವು. 1837ರ ಜುಲೈ 1ರಿಂದ ಜನನ, ವಿವಾಹ, ಮರಣಗಳ ನೋಂದಣಿಯನ್ನು ಸರ್ಕಾರವೇ ವಹಿಸಿಕೊಂಡಿತು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯು 1841ರಿಂದ ಪ್ರತಿ ಮನೆಯ ಪ್ರತಿಯೊಬ್ಬರ ಹೆಸರನ್ನು ಬರೆದಿಟ್ಟಿದೆ. 1851ರಿಂದ ಕುಟುಂಬದ ಯಜಮಾನನೊಂದಿಗಿನ ಸಂಬಂಧ ಮತ್ತು ಹುಟ್ಟಿದ ಊರು ಸಹ ಅದರಲ್ಲಿ ಸೇರಿವೆ. ಈ ಮೂಲ ಪಟ್ಟಿಗಳು ಸುಮಾರು 100 ವರ್ಷಗಳ ಬಳಿಕ ಸಾರ್ವಜನಿಕರಿಗೆ ದೊರೆಯುತ್ತವೆ. 1921ರ ಗಣತಿಯ ಪಟ್ಟಿಗಳು 2022ರ ಜನವರಿಯಲ್ಲಿ ಬಿಡುಗಡೆಯಾದವು.

ಅಲ್ಲಿಯೂ ಕೊರತೆಗಳಿಲ್ಲದೆ ಇಲ್ಲ. 1931ರ ಗಣತಿಯ ಪಟ್ಟಿಗಳು 1942ರ ಬೆಂಕಿಯಲ್ಲಿ ನಾಶವಾದವು. ಯುದ್ಧದ ಕಾರಣ 1941ರಲ್ಲಿ ಗಣತಿಯೇ ನಡೆಯಲಿಲ್ಲ. ಆದರೂ ಕೂಲಿಯವನ ಮಗಳ ಹೆಸರನ್ನು ಜಮೀನ್ದಾರನ ಮಗನ ಹೆಸರಿನಷ್ಟೇ ಸುಲಭವಾಗಿ ಅಲ್ಲಿ ಹುಡುಕಬಹುದು. ಭಾರತದಲ್ಲಿ ನೆಲೆಸಿದ್ದ ಆಂಗ್ಲ ಕುಟುಂಬಗಳಿಗೂ ಈ ಅನುಕೂಲವಿತ್ತು. ಮದರಾಸು, ಮುಂಬಯಿ ಪ್ರಾಂತ್ಯಗಳ ಚರ್ಚುಗಳ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಅದೇ ಕಾಲದ ಸ್ಥಳೀಯ ಪ್ರಜೆಗಳಿಗೆ ಅಂಥ ವ್ಯವಸ್ಥೆ ಇರಲಿಲ್ಲ.

ಸಂಖ್ಯೆ ಉಳಿಯಿತು, ಹೆಸರು ಉಳಿಯಲಿಲ್ಲ

ಮೈಸೂರು ಸಂಸ್ಥಾನದಲ್ಲಿ ಮೊದಲ ವ್ಯವಸ್ಥಿತ ಜನಗಣತಿ ನಡೆದುದು 1871ರಲ್ಲಿ. ಅಂದಿನ ಜನಸಂಖ್ಯೆ 50,55,412. ಧಾತು ಮತ್ತು ಈಶ್ವರ ಸಂವತ್ಸರಗಳ ಘೋರ ಬರದ ಬಳಿಕ 1881ರಲ್ಲಿ ನಡೆದ ಗಣತಿಯಲ್ಲಿ ಅದು 41,86,188ಕ್ಕೆ ಇಳಿದಿತ್ತು. ಎಂಟು ಲಕ್ಷ ಅರುವತ್ತೊಂಬತ್ತು ಸಾವಿರಕ್ಕೂ ಹೆಚ್ಚಿನ ಈ ಇಳಿಕೆ ಗ್ರಂಥಾಲಯಗಳ ವರದಿಗಳಲ್ಲಿ ಇಂದಿಗೂ ಓದಲು ಸಿಗುತ್ತದೆ. ಬರದಲ್ಲಿ ಮಡಿದವರ ಹೆಸರುಗಳು ಮಾತ್ರ ಅವುಗಳಲ್ಲಿಲ್ಲ. ಗಣತಿಯ ಉದ್ದೇಶ ಜಾತಿ, ಕಸುಬು, ಸಾಕ್ಷರತೆಗಳ ಮೊತ್ತವನ್ನು ತಿಳಿಯುವುದಾಗಿತ್ತು. ಮೊತ್ತ ಸಿದ್ಧವಾದ ಮೇಲೆ ಮನೆಮನೆಯ ಪಟ್ಟಿಗಳನ್ನು ಶಾಶ್ವತವಾಗಿ ಕಾಯ್ದಿಡುವ ರೂಢಿ ಬೆಳೆಯಲಿಲ್ಲ.

ಸ್ವಾತಂತ್ರ್ಯಾನಂತರದ ಸ್ಥಿತಿ ಇನ್ನೂ ಬಿಗಿಯಾಗಿದೆ. 1948ರ ಜನಗಣತಿ ಕಾಯ್ದೆಯ 15ನೇ ಪ್ರಕರಣದ ಪ್ರಕಾರ ಗಣತಿದಾರರು ಬರೆದ ವೈಯಕ್ತಿಕ ದಾಖಲೆಗಳನ್ನು ಯಾರೂ ಪರಿಶೀಲಿಸುವಂತಿಲ್ಲ. ಕೆಲವು ಅಪವಾದಗಳ ಹೊರತು ನ್ಯಾಯಾಲಯದಲ್ಲಿ ಅವುಗಳನ್ನು ಸಾಕ್ಷ್ಯವಾಗಿಯೂ ಒಪ್ಪುವಂತಿಲ್ಲ. ಇಂಗ್ಲೆಂಡಿನ 100 ವರ್ಷಗಳ ನಿಯಮದಂತಹ ಗಡುವು ಇಲ್ಲಿಲ್ಲ. ಆದ್ದರಿಂದ ಜನಗಣತಿಯಿಂದ ಸಿಗಬಹುದಾದ ನೆರವು ಒಂದೇ. ಪ್ರಕಟಿತ ಪುಸ್ತಕಗಳಿಂದ ಒಂದು ಗ್ರಾಮ ಇಂಥ ವರ್ಷ ಅಸ್ತಿತ್ವದಲ್ಲಿತ್ತು, ಅಲ್ಲಿ ಇಷ್ಟು ಜನರಿದ್ದರು ಎಂಬುದನ್ನು ತೋರಿಸಬಹುದು.

ಜನನ-ಮರಣ ನೋಂದಣಿ

ಜನನ ಮತ್ತು ಮರಣ ನೋಂದಣಿ ಕಾಯ್ದೆ ಬಂದುದು 1969ರಲ್ಲಿ. ಕರ್ನಾಟಕದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಪಟೇಲ, ಶಾನುಭೋಗರು ಇಂಥ ಲೆಕ್ಕವನ್ನು ಇಡುತ್ತಿದ್ದರು. ಆದರೆ ಅದು ಎಲ್ಲ ಊರುಗಳಲ್ಲೂ ಒಂದೇ ಬಗೆಯಾಗಿರಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಸರ್ಕಾರದ ವಶಕ್ಕೆ ಬಂದ ಲೆಕ್ಕಪತ್ರಗಳನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹುಡುಕಬೇಕು.

ಇಲ್ಲಿ ಸಂಪ್ರದಾಯವೊಂದನ್ನು ನೆನಪಿಡಬೇಕು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ವಾಡಿಕೆ. ಜನನವು ನೋಂದಣಿಯಾಗುವುದಾದರೋ ಹುಟ್ಟಿದ ಸ್ಥಳದಲ್ಲಿ. ಹೀಗಾಗಿ ಚಂದ್ರಗುತ್ತಿಯ ಕುಟುಂಬದ ಹಿರಿಯ ಮಗನ ಜನನ ದಾಖಲೆ ಅವನ ಅಜ್ಜಿಯ ಮನೆಯಿರುವ ಶಿಕಾರಿಪುರದಲ್ಲಿಯೋ ಸಿದ್ದಾಪುರದಲ್ಲಿಯೋ ಇರಬಹುದು. ತಂದೆಯ ಊರಿನಲ್ಲಷ್ಟೇ ಹುಡುಕಿ ದಾಖಲೆ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ಭೂಮಿಯ ಬೆನ್ನು ಹಿಡಿದು

ಇಂಗ್ಲೆಂಡಿನಲ್ಲಿ ದಾಖಲೆ ಮನುಷ್ಯನ ಬೆನ್ನು ಹಿಡಿದರೆ ಇಲ್ಲಿ ಅದು ಭೂಮಿಯ ಬೆನ್ನು ಹಿಡಿದಿದೆ. ಕೆಳದಿಯ ಶಿವಪ್ಪ ನಾಯಕನ ಸಿಸ್ತು ಹೊಲಗಳ ಗುಣಕ್ಕೆ ತಕ್ಕಂತೆ ಕಂದಾಯ ನಿಗದಿಪಡಿಸಿದ ವ್ಯವಸ್ಥೆಯಾಗಿ ಪ್ರಸಿದ್ಧ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಪದ್ಧತಿಯ ಭೂಮಾಪನ ಆರಂಭವಾಗಿ ಪ್ರತಿ ಹೊಲಕ್ಕೂ ಸರ್ವೆ ನಂಬರ್ ಬಂದಿತು. ಈ ನಂಬರೇ ಶೋಧನೆಯ ಕೀಲಿಕೈ.

ಮನೆಯಲ್ಲಿರುವ ಇಂದಿನ ಪಹಣಿಯಿಂದ ಹೊರಟು ಹಿಮ್ಮುಖವಾಗಿ ಸಾಗಬೇಕು. ಪಹಣಿಯ 9ನೇ ಕಲಂ ಖಾತೆದಾರನ ಹೆಸರನ್ನೂ 12ನೇ ಕಲಂ ಸಾಗುವಳಿಯ ವಿವರವನ್ನೂ ಹೇಳುತ್ತವೆ. ಹೆಸರಿನೊಂದಿಗೆ ಇರುವ ಎಂ.ಆರ್. ಸಂಖ್ಯೆಯನ್ನು ಹಿಡಿದು ಹಕ್ಕು ಬದಲಾವಣೆಯ ವಹಿಯನ್ನು ತೆಗೆಸಿದರೆ ಜಮೀನು ಯಾರಿಂದ ಯಾರಿಗೆ, ಯಾವ ಕಾರಣಕ್ಕೆ ಬಂತೆಂಬುದು ತಿಳಿಯುತ್ತದೆ. ‘ಪೌತಿ’ ಎಂದಿದ್ದರೆ ಒಬ್ಬರ ಮರಣದಿಂದ ವಾರಸುದಾರರಿಗೆ ಬಂದುದು ಎಂದರ್ಥ. ಅಲ್ಲಿಗೆ ಒಂದು ತಲೆಮಾರಿನ ಕೊಂಡಿ ಸಿಕ್ಕಿದಂತೆ. 2000ರ ಹೊತ್ತಿಗೆ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದವು. ಅದಕ್ಕೂ ಹಿಂದಿನ ಶೋಧಕ್ಕೆ ಕೈಬರಹದ ವಹಿಗಳೇ ಗತಿ. 2024ರಲ್ಲಿ ಆರಂಭವಾದ ಭೂಸುರಕ್ಷಾ ಯೋಜನೆ ಇಂಥ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಪ್ರಯತ್ನವಾಗಿದೆ. ಕ್ರಯ, ವಿಭಾಗ, ಅಡಮಾನ ಪತ್ರಗಳಿಗೆ ಉಪನೋಂದಣಾಧಿಕಾರಿಯ ಕಚೇರಿಯನ್ನು ನೋಡಬೇಕು. ವಿಭಾಗ ಪತ್ರದಲ್ಲಿ ಅಣ್ಣತಮ್ಮಂದಿರೆಲ್ಲರ ಹೆಸರು ಒಂದೆಡೆ ಸಿಗುವುದುಂಟು.

ಗಡಿಯ ತೊಡಕು

ಸೊರಬ ತಾಲ್ಲೂಕಿನ ಸುತ್ತ ಶಿರಸಿ, ಸಿದ್ದಾಪುರ, ಹಾನಗಲ್ಲ, ಹಿರೇಕೆರೂರುಗಳಿವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇವೆಲ್ಲ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಸೊರಬ ಮಾತ್ರ ಮೈಸೂರಿನದು. ಉತ್ತರ ಕನ್ನಡವಂತೂ 1862ರವರೆಗೆ ಮದರಾಸಿನ ಅಧೀನದಲ್ಲಿತ್ತು. ಮದುವೆ, ಗೇಣಿ, ವಲಸೆಗಳು ಈ ಗಡಿಯನ್ನು ಲೆಕ್ಕಿಸಲಿಲ್ಲ. ಕೆಲವೇ ಮೈಲಿ ದೂರ ಸರಿದ ಕುಟುಂಬದ ದಾಖಲೆಗಳು ಎರಡು ಸರ್ಕಾರಗಳ ಎರಡು ಬಗೆಯ ವಹಿಗಳಲ್ಲಿ ಹಂಚಿಹೋಗಿವೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಮುಳುಗಡೆಯಾದ ಊರುಗಳಿಂದ ಬಂದವರ ಮಟ್ಟಿಗೆ ಹಳೆಯ ಸರ್ವೆ ನಂಬರಿನ ಭೂಮಿಯೇ ನೀರಿನಡಿ ಇದೆ.

ಹೆಸರಿಲ್ಲದವರ ಹೆಸರು

ಭೂದಾಖಲೆಯ ದೊಡ್ಡ ಕೊರತೆಯೆಂದರೆ ಭೂಮಿಯಿಲ್ಲದವರು ಅದರಲ್ಲಿ ಕಾಣುವುದಿಲ್ಲ. ಮಲೆನಾಡಿನಲ್ಲಿ ಗೇಣಿಗೆ ಉತ್ತವರ ಸಂಖ್ಯೆ ದೊಡ್ಡದು. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹ ಗೇಣಿದಾರರ ಸ್ಥಿತಿಯನ್ನು ನಾಡಿಗೆಲ್ಲ ತಿಳಿಸಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯಡಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರು. ಅನೇಕ ಕುಟುಂಬಗಳ ಹೆಸರು ಭೂಮಿಯ ಕಡತಕ್ಕೆ ಹಕ್ಕುದಾರರಾಗಿ ಸೇರಿದುದು ಆಗಲೇ. ಭೂನ್ಯಾಯಮಂಡಳಿಯ ಮುಂದೆ ಕೊಟ್ಟ ಹೇಳಿಕೆಗಳಲ್ಲಿ ‘ತಂದೆಯ ಕಾಲದಿಂದಲೂ ಉಳುತ್ತಿದ್ದೇವೆ’ ಎಂಬಂತಹ ವಿವರಗಳಿದ್ದರೆ ಅವು ವಂಶಶೋಧನೆಗೆ ಅಮೂಲ್ಯ.

ಮಹಿಳೆಯರ ಸ್ಥಿತಿಯೂ ಇದೇ. ಹಳೆಯ ಮೈಸೂರು ದಾಖಲೆಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಮಹಿಳೆಯ ತಂದೆಯ ಹೆಸರು ಈ ಕ್ರಮದಲ್ಲಿ ಮರೆಯಾಗುತ್ತದೆ. ದೇಶದ ಮೊದಲ ಮಹಾಚುನಾವಣೆ ನಡೆದ 1951-52ರಲ್ಲಿ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಅಜ್ಜಿಯರ ಜಾಡಿಗೆ ಶಾಲಾ ದಾಖಲಾತಿ ವಹಿ, ಮತದಾರರ ಹಳೆಯ ಪಟ್ಟಿ, ದಾನಪತ್ರಗಳನ್ನು ನೋಡಬೇಕಾಗುತ್ತದೆ.

ಹೆಳವರ ಹೊತ್ತಗೆ

ಸರ್ಕಾರ ಬರೆಯದೆ ಬಿಟ್ಟುದನ್ನು ಒಂದು ಸಮುದಾಯ ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದೆ. ಎತ್ತನ್ನು ಹೂಡಿಕೊಂಡು ಊರೂರು ಸುತ್ತುವ ಹೆಳವರು ತಮ್ಮ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುವವರು. ಮನೆಯ ಮೂಲಪುರುಷ ಯಾರು, ಯಾವ ಊರಿನಿಂದ ಬಂದವನು, ಅವನಿಗೆ ಎಷ್ಟು ಮಕ್ಕಳು, ಯಾವ ಕವಲು ಎಲ್ಲಿಗೆ ಹೋಯಿತು ಎಂಬುದನ್ನು ಅವರು ಹಾಡಿನ ಧಾಟಿಯಲ್ಲಿ ಒಪ್ಪಿಸುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಗೆಗೆ ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಹಣದ ರೂಪದಲ್ಲಿ ಕಾಣಿಕೆ ಪಡೆಯುತ್ತಾರೆ. ಆದರೆ ಎಲ್ಲ ಜಾತಿಗಳಿಗೂ ಹೆಳವರಿಲ್ಲ. ಊರು ಬಿಟ್ಟು ನಗರ ಸೇರಿದ ಮನೆಗಳಿಗೆ ಅವರ ಭೇಟಿಯೂ ತಪ್ಪಿದೆ.

ಕಾಲ ಮತ್ತು ಹೆಸರಿನ ಗೊಂದಲ

ಹಳೆಯ ಕಾಗದಗಳಲ್ಲಿ ತೇದಿಯನ್ನು ಸಂವತ್ಸರದಿಂದ ಹೇಳುವುದುಂಟು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಧಾತು ಸಂವತ್ಸರವೆಂದರೆ 1876-77 ಆಗಬಹುದು, 1936-37 ಸಹ ಆಗಬಹುದು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಇದರೊಂದಿಗೆ ಸೇರಿದರೆ ಇಬ್ಬರು ವ್ಯಕ್ತಿಗಳು ಒಬ್ಬರೇ ಆಗಿ ಕಾಣುವ ಅಪಾಯವಿದೆ. ತಂದೆಯ ಹೆಸರು, ಸರ್ವೆ ನಂಬರ್, ಗ್ರಾಮ ಈ ಮೂರೂ ಹೊಂದಿಕೆಯಾದಾಗಲಷ್ಟೇ ಕೊಂಡಿ ಗಟ್ಟಿ. ಮೋಡಿ ಬರಹದ ಪತ್ರಗಳಿಗೆ ತಿಳಿದವರ ನೆರವು ಬೇಕು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಮುಂತಾದ ಹಳೆಯ ಬರಹಗಳ ಸಂಗ್ರಹವಿದೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಆಡಳಿತ ಕಡತಗಳಿವೆ.

ಕಲ್ಲಿನ ಮೇಲಿನ ಹೆಸರುಗಳು

ಈ ನೆಲಕ್ಕೆ ವಂಶಾವಳಿ ಬರೆಯುವುದು ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನವು ಮಯೂರಶರ್ಮನಿಂದ ಶಾಂತಿವರ್ಮನವರೆಗಿನ ಕದಂಬ ವಂಶವನ್ನು ಹೇಳುತ್ತದೆ. ಸೊರಬ ತಾಲ್ಲೂಕಿನ ಊರುಗಳಲ್ಲಿ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳು ತುರುಗಾಳಗದಲ್ಲಿ ಮಡಿದ ಸಾಮಾನ್ಯರ ಹೆಸರುಗಳನ್ನೂ ಉಳಿಸಿವೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ ಶಿಕಾರಿಪುರದ, 8ನೇ ಸಂಪುಟದಲ್ಲಿ ಸೊರಬದ ಶಾಸನಗಳಿವೆ. ಇವುಗಳಿಂದ ಊರಿನ ಪ್ರಾಚೀನತೆ ತಿಳಿಯುತ್ತದೆ. ಆದರೆ ಅಂದಿನ ವೀರನಿಗೂ ಇಂದಿನ ಮನೆತನಕ್ಕೂ ನಡುವೆ ದಾಖಲೆಯ ಕೊಂಡಿ ಇಲ್ಲದೆ ಸಂಬಂಧ ಕಲ್ಪಿಸಲಾಗದು.

ಹಿರಿಯರ ಮಾತಿಗೂ ಬೆಲೆಯಿದೆ

ಅರಣ್ಯ ಹಕ್ಕು ನಿಯಮಗಳ 13ನೇ ನಿಯಮವು ಸಾಕ್ಷ್ಯವನ್ನು ಸರ್ಕಾರಿ ಕಾಗದಕ್ಕಷ್ಟೇ ಸೀಮಿತಗೊಳಿಸಿಲ್ಲ. ಗೆಜೆಟಿಯರ್, ಜನಗಣತಿ ವರದಿ, ಭೂಮಾಪನ ವರದಿ, ಮನೆ ಕಂದಾಯದ ರಸೀದಿಗಳೊಂದಿಗೆ ಮನೆ, ಬಾವಿ, ಸ್ಮಶಾನ, ಪೂಜಾ ಸ್ಥಳದಂತಹ ಕುರುಹುಗಳನ್ನೂ ಅದು ಒಪ್ಪುತ್ತದೆ. ಹಳೆಯ ಭೂದಾಖಲೆಯಲ್ಲಿ ಹೆಸರಿರುವವರೊಂದಿಗೆ ಸಂಬಂಧ ತೋರಿಸುವ ವಂಶಾವಳಿ ಹಾಗೂ ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಅದರ ಪಟ್ಟಿಯಲ್ಲಿವೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಒದಗಿಸಬೇಕು.

ಆದ್ದರಿಂದ ಶೋಧನೆಯ ಮೊದಲ ಹೆಜ್ಜೆ ಕಚೇರಿಯತ್ತ ಅಲ್ಲ, ಮನೆಯ ಹಿರಿಯರತ್ತ. ಅವರು ಹೇಳುವ ಹೆಸರು, ಊರು, ಮನೆದೇವರು, ಹೊಲದ ಗುರುತು, ನಂಟರ ಮನೆಗಳನ್ನು ಬರೆದುಕೊಂಡು ಸಾಕ್ಷಿಗಳ ಸಹಿ ಹಾಕಿಸಬೇಕು. ಮನೆಯ ಪೆಟ್ಟಿಗೆಯಲ್ಲಿರುವ ಕಂದಾಯದ ರಸೀದಿ, ಮದುವೆಯ ಲಗ್ನಪತ್ರಿಕೆ, ಜಾತಕಗಳನ್ನು ಒಟ್ಟುಗೂಡಿಸಬೇಕು. ಬಳಿಕ ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ದೃಢೀಕೃತ ನಕಲು ಕೇಳಬೇಕು. ದಾಖಲೆ ಲಭ್ಯವಿಲ್ಲವೆಂದರೆ ಆ ಮಾತನ್ನೂ ಹಿಂಬರಹದ ರೂಪದಲ್ಲಿ ಪಡೆದಿಟ್ಟುಕೊಳ್ಳುವುದು ಲೇಸು. ಕಡತಗಳು ಇನ್ನೂ ಕೆಲವು ವರ್ಷ ಕಾಯಬಹುದು. ಎಂಬತ್ತು ದಾಟಿದ ಹಿರಿಯರ ನೆನಪು ಅಷ್ಟು ಕಾಲ ಕಾಯಲಾರದು.