ಮಲ್ಲಿಗೆ ಗಾಡಿಯ ಜ್ವರ

ಹಡಗಲಿ ಮಲ್ಲಿಗೆಯ ಹೆಸರು ಕೇಳದ ಹೆಂಗಸರು ನಮ್ಮ ಸೀಮೆಯಲ್ಲಿ ಇರಲಾರರು. ಆದರೆ ಆ ಮೊಗ್ಗು ಗಿಡ ಬಿಟ್ಟ ಮೇಲೆ ಅರಳುವುದರೊಳಗೆ ಪೇಟೆ ಸೇರಬೇಕು, ದಾರಿಯಲ್ಲೇ ಅರಳಿತೋ ಬೆಲೆ ನೆಲ ಕಚ್ಚಿತು. ಹಾಗಾಗಿ ನಮ್ಮಲ್ಲಿ ಹೂವಿನ ಕಥೆಯೆಂದರೆ ಅರ್ಧ ಗಾಡಿಯ ಕಥೆಯೇ. ನನ್ನ ತಮ್ಮ ಸಾಲ ಮಾಡಿ ಒಂದು ಡೀಸೆಲ್ ಪಿಕಪ್ ಇಟ್ಟುಕೊಂಡಿದ್ದಾನೆ. ಒಂದು ದಿನ ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆಗೆ, ಇನ್ನೊಂದು ದಿನ ಹರಪನಹಳ್ಳಿ ಮೇಲೆ ದಾವಣಗೆರೆಗೆ ಬುಟ್ಟಿ ಸಾಗಿಸುತ್ತಾನೆ. ನಸುಕಿನಲ್ಲಿ ಬಗ್ಗಿ ಮೊಗ್ಗು ಬಿಡಿಸುವ ಏಳೆಂಟು ಹೆಂಗಸರ ಕೂಲಿ ಆ ಗಾಡಿಯ ಚಕ್ರಕ್ಕೆ ಕಟ್ಟಿಕೊಂಡಿದೆ.

ಕಳೆದ ಮಳೆಗಾಲದಲ್ಲಿ ಆ ಗಾಡಿಗೆ ಕಾಯಿಲೆ ಬಂತು. ಬೆಳಿಗ್ಗೆ ಚಾಲೂ ಮಾಡಿದರೆ ಮನೆ ತುಂಬ ಹೊಗೆ. ಹತ್ತು ಮೈಲಿ ಹೋಗುವಷ್ಟರಲ್ಲಿ ಮುಂದಿನ ಹಲಗೆಯ ಮೇಲೆ ಇಂಜಿನ್ ಚಿತ್ರದ ಹಳದಿ ದೀಪ. ಆಮೇಲೆ ಎಷ್ಟು ತುಳಿದರೂ ವೇಗವಿಲ್ಲ. "ಅಕ್ಕಾ, ಏರಿನಾಗ ಜೀವಾ ಬಿಡ್ತೈತಿ" ಎಂದು ತಮ್ಮ ಅಳುಮೋರೆ ಮಾಡಿದ. ಮೂರು ಸಲ ಹೂವು ಬುಟ್ಟಿಯಲ್ಲೇ ಅರಳಿತು. ಆ ವಾರ ಹೆಂಗಸರಿಗೆ ಕೂಲಿ ಕೊಡಲು ಆಗಲಿಲ್ಲ. ಅವರು ಜಗಳವಾಡಲಿಲ್ಲ, ಅಂಗಳಕ್ಕೆ ಬಂದು ಸುಮ್ಮನೆ ಕೂತರು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ನನ್ನದು ಬಿ.ಎ., ಬಿ.ಎಡ್.; ಪಾಠ ಮಾಡುವುದು ಸಮಾಜ ವಿಜ್ಞಾನ. ಯಂತ್ರದ ಗಂಧ ನನಗಿಲ್ಲ. ಆದರೂ ಡೀಸೆಲ್ ಯಂತ್ರದ ಸದ್ದು ಕೇಳುತ್ತಲೇ ಬೆಳೆದವಳು. ನಾನು ಸಣ್ಣವಳಿದ್ದಾಗ ಬಾವಿಯ ದಂಡೆಯಲ್ಲಿ ಡುಬುಡುಬು ಎನ್ನುವ ಆಯಿಲ್ ಇಂಜಿನ್ ಇತ್ತು. ಅಪ್ಪ ಪಡಸಾಲೆಯಲ್ಲಿ ಊಟಕ್ಕೆ ಕೂತೇ "ಎಣ್ಣಿ ಮುಗಿಯಾಕ ಬಂತು" ಎನ್ನುತ್ತಿದ್ದರು, ಸದ್ದು ಕೇಳಿಯೇ. ಇಂಥ ಯಂತ್ರವನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜರ್ಮನ್ ಮನೆತನದವನು. 1897ರಲ್ಲಿ ಆಗ್ಸ್‌ಬರ್ಗ್ ಊರಲ್ಲಿ ಅವನ ಯಂತ್ರ ಗೆದ್ದಿತು. ಕಿಡಿ ಬೇಕಿಲ್ಲ, ಗಾಳಿಯನ್ನು ಬಲವಾಗಿ ಹಿಸುಕಿದರೆ ಅದು ಕಾಯುತ್ತದೆ, ಆ ಕಾವಿಗೆ ಎಣ್ಣೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಇಷ್ಟೇ ಅದರ ಗುಟ್ಟು. ಪಾಪ, ಆ ಮನುಷ್ಯ 1913ರಲ್ಲಿ ಹಡಗಿನಿಂದ ಕಾಣೆಯಾಗಿ ಸಮುದ್ರದ ಪಾಲಾದ.

ನಮ್ಮ ದೇಶದಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ 1954ರಲ್ಲಿ ಲಾರಿ ಮಾಡತೊಡಗಿದರು. ನಮ್ಮ ಹಿರಿಯರ ಬಾಯಲ್ಲಿ ಅದು 'ಬೆಂಜ್ ಲಾರಿ'. ಅದಕ್ಕೆ ಒಂದು ವರ್ಷ ಮುಂಚೆ, 1953ರ ಅಕ್ಟೋಬರ್ 1ರಂದು, ಮದ್ರಾಸಿಗೆ ಸೇರಿದ್ದ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದಿದ್ದವು. ಡೀಸೆಲ್ಲನ್ನು ಅಳೆದು ಚಿಮ್ಮಿಸುವ ಪಂಪು ನಮ್ಮ ಬೆಂಗಳೂರಿನ ಆಡುಗೋಡಿಯಲ್ಲೇ, ಮೈಕೊ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1951ರಲ್ಲಿ ಹುಟ್ಟಿದ ಆ ಕಂಪನಿಗೆ 2008ರಲ್ಲಿ ಬಾಷ್ ಎಂದೇ ಹೆಸರಾಯಿತು. ಆಮೇಲೆ ಬಂದದ್ದು ಅದಿರಿನ ಕಾಲ. ಕೂಡ್ಲಿಗಿಯ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಕೆಂಪು ಧೂಳಿನ ಲಾರಿಗಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಎಷ್ಟು ಮನೆಗಳ ಮುಂದೆ ಸಾಲದ ಲಾರಿಗಳು ನಿಂತೇಬಿಟ್ಟವು. ಆ ನೆನಪಿದ್ದುದರಿಂದಲೇ ತಮ್ಮನ ಗಾಡಿ ನಿಂತಾಗ ನನ್ನ ಎದೆ ಧಸಕ್ಕೆಂದಿತು.

ಹಳೆಯ ಲಾರಿಯ ಮೇಸ್ತ್ರಿ ಕಿವಿಯಿಂದಲೇ ರೋಗ ಹಿಡಿಯುತ್ತಿದ್ದ. ಈಗಿನ ಗಾಡಿಯಲ್ಲಿ ಎಣ್ಣೆ ಎಷ್ಟು, ಯಾವ ಗಳಿಗೆಗೆ ಎಂದು ನಿರ್ಧರಿಸುವುದು ಒಂದು ಪುಟ್ಟ ಕಂಪ್ಯೂಟರು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಹೊಗೆ ನಿಯಮದ ನಂತರವಂತೂ ಗಾಡಿಯ ಮೈತುಂಬ ಸೆನ್ಸರುಗಳು. ಅದರಲ್ಲೊಂದು ಇಂಜಿನ್ ನೀರಿನ ಕಾವು ನೋಡುವಂಥದು, ನಾವು ಮಕ್ಕಳ ಬಗಲಿಗಿಡುವ ಜ್ವರದ ಕಡ್ಡಿಯ ಹಾಗೆ. ಕಾವು ಏರಿದಂತೆ ಅದು ವಿದ್ಯುತ್ತಿಗೆ ಒಡ್ಡುವ ತಡೆ ಇಳಿಯುತ್ತದೆ. ಈ ಗುಣವನ್ನು 1833ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಮೊದಲು ಗಮನಿಸಿದವನು ಮೈಕೆಲ್ ಫ್ಯಾರಡೆ ಎಂದು ನಮ್ಮ ಶಾಲೆಯ ವಿಜ್ಞಾನದ ಟೀಚರು ಹೇಳಿದರು.

ತಮ್ಮನ ಗಾಡಿಯಲ್ಲಿ ಈ ಕಡ್ಡಿ ಇದ್ದ ಜಾಗದ ಮರೆ ಸವೆದು ನೀರು ಸೋರುತ್ತಿತ್ತಂತೆ. ದೊಡ್ಡ ಊರಿನ ಒಂದು ಗ್ಯಾರೇಜಿನವರು ಅದನ್ನು ಕಿತ್ತು, ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪಿನ ನಡುವೆ ಕಬ್ಬಿಣದ ತುಂಡೊಂದನ್ನು ಸೇರಿಸಿ ಅಲ್ಲಿ ಕೂರಿಸಿದ್ದರು. ವೈರು ಸಾಲದ್ದಕ್ಕೆ ಗಂಟು ಹಾಕಿ ಉದ್ದ ಮಾಡಿದ್ದರು. ಕಾಯಿಲೆ ಶುರುವಾದದ್ದು ಆಮೇಲೆಯೇ. ಆದರೆ ಅದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಡೀಸೆಲ್ ಫಿಲ್ಟರ್ ಬದಲಾಯಿತು, ಇಂಜೆಕ್ಟರ್ ತೊಳೆಸಿದ್ದಾಯಿತು, ಹೊಸ ಸೆನ್ಸರನ್ನೇ ಎರಡು ಸಲ ಕೊಂಡದ್ದಾಯಿತು. ಹಣ ಹೋಯಿತು, ದೀಪ ಆರಲಿಲ್ಲ.

ಕೊನೆಗೆ ಕೊಟ್ಟೂರಿನ ಒಬ್ಬ ಹುಡುಗನ ಕಡೆ ಹೋದೆವು. ಅಂಗಡಿ ಸಣ್ಣದು, ತಲೆ ದೊಡ್ಡದು. ಅವನು ಮೊದಲು ಕೇಳಿದ್ದು, "ಯಾವಾಗಿಂದ? ಅದಕ್ಕೂ ಮುಂಚೆ ಏನ್ ಕೆಲಸ ಮಾಡ್ಸಿದ್ರಿ?" ಡಾಕ್ಟರು ಕೇಳುವ ಪ್ರಶ್ನೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ ನೋಡಿ.

ಆಮೇಲೆ ಸೆನ್ಸರನ್ನು ಬಿಚ್ಚಿ, ಅದರ ತುದಿಯನ್ನಷ್ಟೇ ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ, ಮೀಟರಿನ ಎರಡು ಮುಳ್ಳು ಹಿಡಿದ. ತಣ್ಣಗಿದ್ದಾಗ ಸುಮಾರು 2,500 ಓಮ್ ತೋರಿಸಿದ್ದು ನೀರು ಕಾದಾಗ 300ರ ಆಸುಪಾಸಿಗೆ ಇಳಿಯಿತು. "ಅಕ್ಕೋರ, ಇದು ಸುಳ್ಳು ಹೇಳವಲ್ದು" ಎಂದ. ಅದನ್ನು ಮತ್ತೆ ಕೂರಿಸಿ, ಈ ಸಲ ಕಂಪ್ಯೂಟರಿನ ಕಡೆಯ ತುದಿಯಿಂದ ಅಳೆದ. ಅಲ್ಲಿ ಲೆಕ್ಕ ಬೇರೆ. ವೈರು ಅಲುಗಾಡಿಸಿದರೆ ಮುಳ್ಳು ಕುಣಿಯುತ್ತಿತ್ತು, ಒಮ್ಮೊಮ್ಮೆ ಪೂರ್ತಿ ಕಡಿದೇ ಹೋಗುತ್ತಿತ್ತು. ಟೇಪು ಬಿಚ್ಚಿ ನೋಡಿದರೆ ಗಂಟಿನೊಳಗೆ ಹಸಿರು ಕಿಲುಬು. ಮಳೆನೀರು ಇಳಿದಿತ್ತು. ಸಂಪರ್ಕ ತಪ್ಪಿದಾಗಲೆಲ್ಲ ಕಂಪ್ಯೂಟರು ಗಾಬರಿಯಾಗಿ ದೀಪ ಹೊತ್ತಿಸಿ ಇಂಜಿನ್ ಬಲವನ್ನು ತಗ್ಗಿಸುತ್ತಿತ್ತು.

ಗಂಟು ಬಿಚ್ಚಿ ಬೆಸುಗೆ ಹಾಕಿದ. ದೀಪ ಆರಿತು. ನಾವು ಎದ್ದು ನಿಂತೆವು, ಅವನು ಏಳಲಿಲ್ಲ. "ಹೊಗಿ ಇನ್ನೂ ಐತಿ" ಎಂದ. ಮರುದಿನ ತಣ್ಣಗಿದ್ದ ಇಂಜಿನ್ ಚಾಲೂ ಮಾಡಿಸಿ ನನಗೇ ಕೈಯಿಟ್ಟು ನೋಡಲು ಹೇಳಿದ. ಇಂಜಿನ್ನಿನ ಮೈ ಬೆಚ್ಚಗಾಗಿತ್ತು, ಮೇಲಿನ ಪೈಪು ಮಾತ್ರ ಇನ್ನೂ ತಣ್ಣಗೆ. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲಿದೆ. ಇಂಜಿನ್ ಸಾಕಷ್ಟು ಕಾಯುವವರೆಗೆ ಅದು ನೀರನ್ನು ರೇಡಿಯೇಟರಿನ ಕಡೆ ಬಿಡುವುದಿಲ್ಲ. ನಮ್ಮ ಸೆನ್ಸರು ಬಾಗಿಲಿನ ಹೊರಗೆ ಕೂತಿತ್ತು. ಒಳಗೆ ಕೂಸಿಗೆ ಮೈ ಕಾದಿದ್ದರೂ ಹೊರಗಿನ ಕಟ್ಟೆಯ ಮೇಲೆ ಕೂತವರು ತಣ್ಣಗಿದೆ ಎಂದು ವರದಿ ಮಾಡಿದ ಹಾಗೆ. ಅದನ್ನು ನಂಬಿ ಕಂಪ್ಯೂಟರು ಚಳಿ ಬಿಡಿಸಲು ಎಣ್ಣೆ ಹೆಚ್ಚು ಸುರಿಯುತ್ತಿತ್ತು, ಅದೇ ಹೊಗೆ. ಆ ಬಾಗಿಲು ತೆರೆಯದೆ ಕಚ್ಚಿಕೊಂಡಿದ್ದರೆ ಇಂಜಿನ್ ಸುಟ್ಟು ಹೋಗುವವರೆಗೂ ಸುದ್ದಿ ಬರುತ್ತಿರಲಿಲ್ಲ.

ವರ್ಗಾವಣೆಯ ಕಷ್ಟ ಮಾಸ್ತರಿಕೆ ಮಾಡಿದವರಿಗೆ ಹೊಸದಲ್ಲ. ಹರಪನಹಳ್ಳಿಯವರನ್ನು ಕೇಳಿ: 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಕಾಗದದಲ್ಲಿ ಜಾಗ ಬದಲಿಸುವುದು ಸಲೀಸು.

ಹಳೆಯ ಜಾಗದ ಮರೆ ಸವೆದಿತ್ತಲ್ಲ, ಅದಕ್ಕೆ ಲೇತ್ ಅಂಗಡಿಯಲ್ಲಿ ಬುಷ್ ಮಾಡಿಸಿ ಕೂರಿಸಿದರು. ಆ ಲೇತು ಹರಿಹರದ ಮೈಸೂರು ಕಿರ್ಲೋಸ್ಕರದ್ದು. 1941ರಲ್ಲಿ ಶುರುವಾದ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು, ಯಂತ್ರ ಇನ್ನೂ ತಿರುಗುತ್ತಿದೆ. ಸೆನ್ಸರು ತನ್ನ ಜಾಗಕ್ಕೆ ಮರಳಿತು, ಉದ್ದದ ವೈರು ಹೋಯಿತು. ಹೊಗೆ ನಿಂತಿತು.

ಹೆಂಗಸರ ಬಾಕಿ ಕೂಲಿಯನ್ನು ತಮ್ಮ ಮೂರು ಕಂತಿನಲ್ಲಿ ತೀರಿಸಿದ. ಬೇಡದೆ ಕೊಂಡ ಸೆನ್ಸರುಗಳನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅವು ನಮ್ಮ ದೇವರ ಗೂಡಿನ ಕೆಳಗೆ, ಊದುಬತ್ತಿಯ ಡಬ್ಬಿಯಲ್ಲಿ ಇವೆ.